ಸ್ಟೇಷನ್ ಸರ್ಕಲ್ಲಿನ ಬನ್ನಿ ಕಮಾನು

ಸೆಪ್ಟೆಂಬರ್ 24, ಬುಧವಾರ, ಬೆಳಿಗ್ಗೆ

ಲಿಂಗಪೂಜೆ ಮುಗಿಸಿ ಮತ್ತೆ ಕಮಾನಿನ ನಕ್ಷೆಗೇ ಕುಳಿತೆ. ಸ್ಟೇಷನ್ ಸರ್ಕಲ್ಲಿನ ದಸರಾ ಅಲಂಕಾರವನ್ನು ಸಮಿತಿಯವರು ನನಗೆ ವಹಿಸಿ, ಪೆಂಡಾಲಿನ ಮಲ್ಲೇಶನನ್ನು ಜೊತೆಗೂಡಿಸಿದ್ದಾರೆ. ಅವನಿಗೆ ಪ್ಲಾಸ್ಟಿಕ್ ಚೆಂಡುಹೂವಿನ ಹೊರತು ಜಗತ್ತಿನಲ್ಲಿ ಬೇರೆ ಪುಷ್ಪವೇ ಇಲ್ಲ.

"ಇದು ಒಣಗಂಗಿಲ್ರಿ ಮಾಸ್ತರ್ರ. ತೊಳದು ದೀಪಾವಳಿಗೂ ಹಾಕಬೌದು."

"ತೊಳದ ಹೂವು ದೇವರಿಗೆ ಏರಸ್ತೀಯೇನಲೇ?"

"ಗುಡಿ ಅಲ್ರಿ ಇದು, ಸರ್ಕಲ್ಲು."

ಕೋಪ ಇಮ್ಮಡಿಯಾಯಿತು. ಹಸಿ ಎಲೆಗೇ ಸಮಿತಿಯ ಒಪ್ಪಿಗೆ ತರುವೆನೆಂದು ನಕ್ಷೆ ಮಡಚಿ ಎದ್ದೆ.

ಸೆಪ್ಟೆಂಬರ್ 28, ರವಿವಾರ

ಸಮಿತಿಯ ಅಧ್ಯಕ್ಷೆ ಸುನಂದಾ ಅವರು ಹಸಿ ಎಲೆಯ ಕಮಾನಿಗೆ ಒಪ್ಪಿದರು — ಷರತ್ತಿನೊಡನೆ. ದಶಮಿಯ ಸಂಜೆ ಖುದ್ದಾಗಿ ಬಂದು ನೋಡುವರು. ಹಸಿರು ನಳನಳಿಸುತ್ತಿದ್ದರೆ ಬರುವ ವರ್ಷ ಊರಿನ ಸರ್ಕಲ್ಲುಗಳಿಗೆಲ್ಲ ಎಲೆ, ಹೂವು. ಇಲ್ಲವಾದರೆ ಎಲ್ಲೆಡೆ ಪ್ಲಾಸ್ಟಿಕ್, ಶಾಶ್ವತವಾಗಿ.

ಮಾವಿನೆಲೆ ಈ ರಾಯಚೂರಿನ ಬಿಸಿಲಿಗೆ ಮಧ್ಯಾಹ್ನದೊಳಗೆ ಮುದುಡುವುದು. ಬನ್ನಿಯೇ ಸರಿ. ವಿಜಯದಶಮಿಗೆ ಅದಕ್ಕಿಂತ ಉಚಿತವಾದುದು ಯಾವುದು?

ಅಕ್ಟೋಬರ್ 1, ಮಹಾನವಮಿ

ಕುರ್ಡಿ ಹಳ್ಳಿಯಿಂದ ಟೆಂಪೋ ತುಂಬ ಬನ್ನಿ ಬಂದಿತು. ಮರವನ್ನು ಪೂಜಿಸಿಯೇ ಕೊಯ್ಯಿಸಿದ್ದೇನೆ. ಕಾಲುದಾರಿಯ ಮೇಲಿನ ಕಮಾನು ತಗ್ಗಾಗಿರಲಿ, ನಡೆದುಹೋಗುವವರ ನೆತ್ತಿಗೆ ಎಲೆ ಸೋಂಕಲಿ ಎಂದೆ. ಮಲ್ಲೇಶ ಗೊಣಗಿದ: "ಮುಳ್ಳು ತಾಗಿದ್ರ ಮಂದಿ ನನ್ನ ಬೈತಾರ್ರೀ, ನಿಮ್ಮನ್ನಲ್ಲ." ಮುಳ್ಳುಗಳನ್ನೆಲ್ಲ ಸವರಿಸಿದೆ.

ಅಕ್ಟೋಬರ್ 2, ವಿಜಯದಶಮಿ, ಬೆಳಿಗ್ಗೆ ಹತ್ತು

ಕಮಾನು ಎದ್ದು ನಿಂತಿತು. ಏನು ಶೋಭೆ! ಮಲ್ಲೇಶನೂ ಫೋಟೋ ತೆಗೆದುಕೊಂಡ.

ಅದೇ ದಿನ, ಸಂಜೆ

ಊಟ ಮುಗಿಸಿ ಬಂದು ನೋಡುತ್ತೇನೆ — ಜಾತ್ರೆಯಂತೆ ಜನ. ಕಮಾನಿನ ಎಲೆಯನ್ನೆಲ್ಲ ಕೈಗೆ ಸಿಕ್ಕಂತೆ ಹರಿಯುತ್ತಿದ್ದಾರೆ! ಆಟೋದವನೊಬ್ಬ ಸೀಟಿನ ಮೇಲೆ ಹತ್ತಿ ತುದಿಯದನ್ನೂ ಮುರಿದ.

"ಏ ಬಿಡ್ರೋ! ಅಲಂಕಾರ ಅದು!"

"ಬಂಗಾರಕ್ಕ ಇಟ್ಟಿಲ್ಲೇನ್ರಿ ಯಪ್ಪಾ? ಯಾರೋ ಪುಣ್ಯಾತ್ಮರು ಊರೊಳಗ ತಂದಾರ ಅಂತ ಓಣಿ ಮಂದಿಗೆಲ್ಲ ಹೇಳಿ ಕರಕೊಂಡು ಬಂದೀನಿ," ಎಂದಳು ನೀಲಗಂಗಮ್ಮ ಎಂಬ ಹೂವಾಡಗಿತ್ತಿ.

ದಶಮಿಯ ದಿನ ಊರೆಲ್ಲ ಬನ್ನಿಯನ್ನೇ ಬಂಗಾರವೆಂದು ಹಂಚಿಕೊಳ್ಳುವುದು; ಅಂದೇ ಅದನ್ನು ಕೈಗೆಟುಕುವಂತೆ ಕಟ್ಟಿದೆನಲ್ಲ! ಅಷ್ಟು ಓದಿಯೂ...

ಸುನಂದಾ ಅವರು ಬಂದಾಗ ಬಿದಿರು, ತಂತಿ ಮಾತ್ರ ಉಳಿದಿದ್ದವು. "ಎಲ್ರೀ ನಿಮ್ಮ ಹಸಿರು?" ಎಂದರು. ಮಲ್ಲೇಶ ಆಕಾಶ ನೋಡಿದ. "ಬರೂ ವರ್ಷ ಪ್ಲಾಸ್ಟಿಕ್ಕೇ ಇರಲಿ ಬಿಡ್ರಿ," ಎಂದು ಅವರು ಕಾರಿನತ್ತ ತಿರುಗಿದರು. ಅವರ ಮುಷ್ಟಿಯಲ್ಲೂ ಬನ್ನಿಯಿತ್ತು, ಯಾರು ಕೊಟ್ಟರೋ.

ಅಷ್ಟರಲ್ಲಿ ನೀಲಗಂಗಮ್ಮ ನನ್ನ ಅಂಗೈಗೆ ನಾಲ್ಕು ಎಲೆಗಳನ್ನಿಟ್ಟು ಕಾಲಿಗೆರಗಿದಳು. "ನಾವೂ ನೀವೂ ಬಂಗಾರದಂಗ ಇರೂಣ್ರಿ ಯಪ್ಪಾ." ಹಿಂದೆ ಅವಳ ಓಣಿಯೇ ಸಾಲುಗಟ್ಟಿತ್ತು. ಬೈಗುಳ ನಾಲಿಗೆಯ ತುದಿಯಲ್ಲಿತ್ತು. ಎರಗಿದವರನ್ನು ಹರಸದಿರುವುದೆಂತು? ಎಲ್ಲರ ತಲೆಯ ಮೇಲೂ ಕೈಯಿಟ್ಟು, ಎಲ್ಲರಿಂದಲೂ ನನ್ನದೇ ಕಮಾನನ್ನು ಎಲೆಎಲೆಯಾಗಿ ಪಡೆದುಕೊಳ್ಳುತ್ತ ನಿಂತೆ.