ಹದಿನೇಳು ಪಂದ್ಯಗಳ ಹೇಸಿಗೆ

ಲಿಮೆರಿಕ್,
೧೪ ಮಾರ್ಚ್ ೧೯೮೯, ಮಂಗಳವಾರ

ಮಗನೇ ಫಿಂಟನ್,

ಹೇಗಿದ್ದೀಯಪ್ಪಾ? ಪರ್ತ್‌ನಲ್ಲಿ ಬಿಸಿಲು ಇಳಿಯಿತೇ? ಸೊಸೆಗೆ ಬಸುರಿನ ವಾಂತಿ ನಿಂತಿತೇ? ಬೆಳಗ್ಗೆ ಎದ್ದ ಕೂಡಲೇ ಒಣ ಬ್ರೆಡ್ಡಿನ ಚೂರು ತಿನ್ನಬೇಕಂತೆ, ನಿನ್ನ ಅಮ್ಮ ಹೇಳಿದ್ದಾಳೆ. ಅವಳ ಮಂಡಿನೋವು ಇದ್ದ ಹಾಗೇ ಇದೆ. ನನಗೆ ಕಾಯಿಲೆಯೇನಿಲ್ಲ, ಊಟ ಸೇರುತ್ತಿಲ್ಲ ಅಷ್ಟೇ. ಯಾಕೆಂದು ಹೇಳುತ್ತೇನೆ.

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಕ್ಲಬ್ಬಿನವರು ನನಗೆ ಸನ್ಮಾನದ ಊಟ ಹಾಕಿಸಿದರು. ಹಂದಿಮಾಂಸ, ಎಲೆಕೋಸು, ಬೇಕಾದಷ್ಟು ಬಿಯರು. ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಮಾಸಿ ಹ್ಯಾನ್ಲನ್ ದೇಶದ ಹಸಿರು ಅಂಗಿ ತೊಟ್ಟು ಹದಿನೇಳು ರಗ್ಬಿ ಪಂದ್ಯ ಆಡಿದ ಎಂದು ಹೊಗಳಿದ್ದೇ ಹೊಗಳಿದ್ದು. ಕೊನೆಗೆ ಅಧ್ಯಕ್ಷ ಡಿನ್ನಿ ಕರ್ಟಿನ್ ಎದ್ದು ತನ್ನ ಹಳೆಯ ನಗೆಚಟಾಕಿ ಬಿಚ್ಚಿದ. "ಏ ಮಾಸಿ, ಆ ವೇಲ್ಸಿನವನಿಗೆ ಇವತ್ತಿಗೂ ನಿನ್ನ ಬೂಟಿನ ನಂಬರು ಬಾಯಿಪಾಠ ಅಂತೆ ಕಣೋ!" ಇಡೀ ಸಭೆ ಮೇಜು ಬಡಿದು ನಕ್ಕಿತು.

ಅರವತ್ತೆಂಟರ ಡಬ್ಲಿನ್ ಪಂದ್ಯದ ಮಾತು ಅದು. ಅದನ್ನು ನೀನು ಆಕಸ್ಮಿಕವೆಂದೇ ಕೇಳಿ ಬೆಳೆದವನು. ಗ್ವಿಲಿಮ್ ಎಂಬ ವೇಲ್ಸಿನ ಹುಡುಗ ಚೆಂಡು ತಬ್ಬಿಕೊಂಡು ಜನರ ರಾಶಿಯಡಿ ಸಿಕ್ಕಿಬಿದ್ದಿದ್ದ. ಕೈ ಆಡಿಸಲೂ ಆಗುತ್ತಿರಲಿಲ್ಲ. ಮುಖ ಮಾತ್ರ ಹೊರಗಿತ್ತು. ಕಾಲಿಡಲು ಬೇರೆ ಜಾಗವಿತ್ತು, ಫಿಂಟನ್. ನಾನು ಅವನ ಕಣ್ಣನ್ನು ನೋಡಿದೆ, ನೋಡಿಯೇ ತುಳಿದೆ. ಬೂಟಿನ ಮೊಳೆ ಇಳಿದಾಗ ಕಾಲಿಗೆ ತಿಳಿಯುತ್ತದೆ, ಕೆಳಗಿರುವುದು ಮಣ್ಣೋ ಮಾಂಸವೋ ಎಂದು. ರೆಫರಿಯ ಗಮನ ಬೇರೆಡೆ ಇತ್ತು. ಹುಡುಗನ ಎಡಗಣ್ಣು ಹೋಯಿತು, ಆಟವೂ ಹೋಯಿತು. ನಾನು ಆಮೇಲೆ ಹನ್ನೊಂದು ಪಂದ್ಯ ಆಡಿದೆ. ಬೆನ್ನು ತಟ್ಟಿದವರ ಜೊತೆ ಹಲ್ಲು ಕಿರಿದೆ. ಥೂ!

ಆ ಸನ್ಮಾನದ ದಿನ ತಡೆಯಲಾಗಲಿಲ್ಲ. ಎದ್ದು ನಿಂತು, "ಅದು ಆಕಸ್ಮಿಕ ಅಲ್ಲ ಡಿನ್ನಿ, ಬೇಕಂತಲೇ ತುಳಿದೆ" ಎಂದೆ. ಎಲ್ಲರೂ ಉಗಿಯುತ್ತಾರೆ ಎಂದುಕೊಂಡಿದ್ದೆ. ಚಪ್ಪಾಳೆ ಹೊಡೆದರು! "ಮತ್ತೆ ನಿನ್ನನ್ನ ತಂಡಕ್ಕೆ ತಗೊಂಡಿದ್ದು ಯಾಕೆ ಅಂದ್ಕೊಂಡೆ, ಹಾಡು ಹೇಳೋಕಾ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ನಾನು ಹಿತ್ತಲಿಗೆ ಹೋಗಿ ತಿಂದದ್ದೆಲ್ಲ ಕಕ್ಕಿದೆ.

ಮರುವಾರವೇ ಹಡಗು ಹತ್ತಿ ವೇಲ್ಸಿಗೆ ಹೋದೆ. ಬಾಗಿಲು ತೆಗೆದವನೇ ಗ್ವಿಲಿಮ್. ತಲೆ ನೆರೆತಿದೆ, ಎಡಗಣ್ಣು ಗಾಜಿನದು. ಗುರುತು ಹಿಡಿದ. "ಇಪ್ಪತ್ತೊಂದು ವರ್ಷ ಬೇಕಾಯ್ತಾ ನಿಂಗೆ? ಬಾ ಒಳಗೆ, ಚಳಿ" ಎಂದ. ಚಹಾ ಕೊಟ್ಟ. ನಾನು ತಪ್ಪೊಪ್ಪಿಕೊಳ್ಳುತ್ತಿದ್ದರೆ ಕೈಯೆತ್ತಿ ತಡೆದ. "ಸಾಕು ಮಾಡು. ಅದಕ್ಕೆ ಹಿಂದಿನ ವರ್ಷ ನಾನೊಬ್ಬನ ಕಿವಿ ಕಚ್ಚಿ ಹರಿದಿದ್ದೆ. ನಮ್ಮೂರಲ್ಲೂ ಅದನ್ನ ಹೇಳ್ಕೊಂಡು ನಗ್ತಾರೆ. ನೀನು ಬಂದೆ, ನಾನಿನ್ನೂ ಅವನ ಹತ್ರ ಹೋಗಿಲ್ಲ." ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ ಅವನ ಹೆಂಡತಿ ಬಾಗಿಲಿಗೆ ಬಂದು, "ಇನ್ನೊಂದ್ಸಲ ಬರ್ಬೇಡಿ" ಎಂದಳು. ಸರಿಯಾಗಿಯೇ ಹೇಳಿದಳು.

ತಂಡದಲ್ಲಿ ಆಡಿದ್ದಕ್ಕೆ ದೇಶ ಕೊಟ್ಟ ಗೌರವದ ಟೋಪಿಯನ್ನು ಗೋಡೆಯಿಂದ ಇಳಿಸಿದ್ದೇನೆ. ಅದನ್ನು ಕಂಡರೆ ಈಗ ಹೇಸಿಗೆಯಾಗುತ್ತದೆ, ಬೆವರಿನಲ್ಲಿ ಕೊಳೆತ ಕಾಲುಚೀಲ ಮುಟ್ಟಿದ ಹಾಗೆ.

ಸೊಸೆಗೆ ನಮ್ಮಿಬ್ಬರ ಆಶೀರ್ವಾದ. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಪ್ಪ,
ಮಾಸಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನ್ನ ಶಾಲೆಯ ಫೈನಲ್ಲಿಗೆ ಮುಂಚೆ, 'ಹುಡುಗನ ಭುಜ ವಾಸಿಯಾಗಿಲ್ಲ, ಆಡಿಸಬೇಡಿ' ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಅದನ್ನು ಒಲೆಗೆ ಹಾಕಿ, 'ಆಡಬಹುದಂತೆ' ಎಂದು ನಿನಗೆ ಹೇಳಿದವನು ನಾನು. ನಿನ್ನ ಬಲಗೈ ಇವತ್ತಿಗೂ ಹೆಗಲಿನಿಂದ ಮೇಲೇಳುವುದಿಲ್ಲ. ಇಷ್ಟು ವರ್ಷ ನೀನು ಶಪಿಸಿದ್ದು ಪಾಪ, ಆ ಡಾಕ್ಟರನ್ನು. ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಈ ಕಾಗದ ಅಂಚೆಗೆ ಹಾಕಿ ಬಂದು ಅವಳಿಗೂ ಹೇಳುತ್ತೇನೆ.