ನಾವು ಗೇರಿನ ಕಾರನ್ನು ಆರಿಸಿದ್ದು

ಮಾವನವರೇ,

ನಿಪ್ಪಾಣಿಯ ಆ ತಂಬಾಕು ಗೋದಾಮಿನ ಅಂಗಳ ನಿಮಗೆ ನೆನಪಿದೆಯೇ? ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಿಮ್ಮ ಶಾಲೆಯ ಗೆಳೆಯ ಅಣ್ಣಾಸಾಹೇಬರು ಮುಂಬೈಯಿಂದ ಎರಡು ಜಪಾನಿ ಕಾರು ತರಿಸಿದ್ದರು. ಎರಡೂ ಒಂದೇ ಜಾತಿ. ಎರಡೇ ಬಾಗಿಲು, ನೆಲಕ್ಕೆ ತಗ್ಗಿ ಕೂತ ಮೈ, ಉದ್ದನೆಯ ಮೂತಿ. ಬಿಳಿಯದಕ್ಕೆ ಕೈಯಿಂದ ಹಾಕುವ ಗೇರು. ಹಸಿರಿನದು ತಾನೇ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್. "ಯಾವದ ಬೇಕೋ ಆರಿಸ್ಕೊ, ಉಳದದ್ದು ನನಗ," ಎಂದರು ಅವರು. ಐನಾಪುರದ ನಮ್ಮ ದ್ರಾಕ್ಷಿ ತೋಟಕ್ಕೆ ಹೋಗುವ ಜೀಪನ್ನೇ ರೇಸಿನ ಗಾಡಿಯಂತೆ ಓಡಿಸುತ್ತಿದ್ದ ನೀವು ಅಂದು ಹೆಣ್ಣು ನೋಡಲು ಬಂದ ಹುಡುಗನ ಹಾಗೆ ನಾಚಿ ನಿಂತಿದ್ದಿರಿ. ಮಗನನ್ನು ಬಿಟ್ಟು ಸೊಸೆಯನ್ನೇಕೆ ಕರೆತಂದಿರಿ ಎಂದು ಅವರು ಕೇಳಿದರು. "ಅವಗ ಗಾಡಿ ಹತ್ತಿದ್ರ ನಿದ್ದಿ ಬರತೈತಿ, ಈಕಿಗೆ ಎಚ್ಚರಾಗತೈತಿ," ಎಂದಿರಿ.

ಮೊದಲು ಬಿಳಿ ಕಾರನ್ನು ತವಂದಿ ಘಾಟಿಗೆ ಒಯ್ದಿರಿ. ನಾನು ನಿಮ್ಮ ಪಕ್ಕದಲ್ಲಿ. ಲಾರಿಗಳು ಏದುಸಿರು ಬಿಡುತ್ತ ಹತ್ತುವ ಆ ಏರಿನಲ್ಲಿ, ಪ್ರತಿ ತಿರುವಿಗೂ ನೀವು ಒಂದು ಗೇರು ಇಳಿಸುತ್ತಿದ್ದಿರಿ. ಕಾಲು ಕ್ಲಚ್ಚಿನ ಮೇಲೆ, ಕೈ ಗೇರಿನ ಮೇಲೆ, ಎಂಜಿನ್ನು ಒಮ್ಮೆ ಉಸಿರು ಹಿಡಿದು ಮರುಗಳಿಗೆ ಗುಡುಗಿ ನಮ್ಮನ್ನು ಸೀಟಿಗೆ ಒತ್ತುತ್ತಿತ್ತು. ಯಾರು ಯಾರಿಗೆ ಹೇಳುತ್ತಿದ್ದರು? ಕಾರು ನಿಮಗೋ, ನೀವು ಕಾರಿಗೋ? ಮನುಷ್ಯ ಮತ್ತು ಕಬ್ಬಿಣ ಹೀಗೆ ಮಾತಾಡಿಕೊಳ್ಳುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಘಾಟಿನ ನೆತ್ತಿಯಲ್ಲಿ ನೀವು ಕಾರು ನಿಲ್ಲಿಸಿದಾಗ, ನಾನು ದೇವರ ಗುಡಿಯಲ್ಲಿ ನಿಂತವಳ ಹಾಗೆ ನಿಮ್ಮ ಅರಳಿದ ಮುಖವನ್ನೇ ನೋಡುತ್ತಿದ್ದೆ.

ಆಮೇಲೆ ಹಸಿರು ಕಾರು. ಅದನ್ನು ಅಕ್ಕೋಳದ ಕಡೆಯ ಖಾಲಿ ರಸ್ತೆಗೆ ಒಯ್ದು, ಕಬ್ಬಿನ ಹೊಲದ ಪಕ್ಕ ನಿಲ್ಲಿಸಿ, ಕೆಳಗಿಳಿದಿರಿ. "ಪದ್ಮಾ, ಈ ಕಡೆ ಬಂದ ಕುಂದ್ರು." ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲಿನಲ್ಲಿ ಶಕ್ತಿ ಉಳಿದಿರಲಿಲ್ಲ. ನಡೆಯುವಾಗ ತೊಡೆಯ ಮೇಲೆ ಕೈ ಊರಬೇಕಿತ್ತು. "ನನ್ನ ಕೈಲೆ ಎಲ್ಲಿ ಆಗತೈತ್ರಿ ಮಾವಾರ?" ಎಂದೆ.

"ಎಡಗಾಲಿಗೆ ಇದರಾಗ ಕೆಲಸಾನ ಇಲ್ಲವಾ. ಬಲಗಾಲ ಸಾಕು."

ಅಷ್ಟೇ. ಒತ್ತಿದೆ, ಕಾರು ಹೋಯಿತು. ಇನ್ನೂ ಒತ್ತಿದೆ. ಎರಡೂ ಬದಿಯ ಕಬ್ಬು ಹಸಿರು ಗೋಡೆಯಾಯಿತು. ಓಡಲು ಬಾರದವಳು ಅಂದು ಓಡಿದೆ ಮಾವನವರೇ, ಜಿಂಕೆಯ ಹಾಗೆ. ನಗುತ್ತಿದ್ದೆನೋ ಅಳುತ್ತಿದ್ದೆನೋ… ನೀವು ಮಾತ್ರ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಿರಿ.

ವಾಪಸು ಬಂದು ಚಹಾ ಕುಡಿಯುವಾಗ ನೀವು ಅಣ್ಣಾಸಾಹೇಬರಿಗೆ, "ಹಸಿರು ಗಾಡಿ ನಂದು," ಎಂದಿರಿ. ಅವರು ಬೆರಗಾದರು. "ಏನಲೇ, ಗೇರ ಇಲ್ಲದ ಗಾಡಿ ಗಾಡಿನ ಅಲ್ಲ ಅಂತ ಜಲ್ಮಾ ಪೂರ್ತಿ ಅಂದಾಂವ ನೀನ!" ನೀವು ಬಸಿಯೊಳಗಿನ ಚಹಾ ಊದಿದಿರಿ. ನನಗೆ ಅರ್ಥವಾಯಿತು. ಘಾಟಿನಲ್ಲಿ ನಾನು ನಿಮ್ಮ ಮುಖ ನೋಡಿದ್ದೆನಲ್ಲ?

"ಬ್ಯಾಡ್ರಿ ಮಾವಾರ, ಬಿಳೇದ ತಗೋರಿ," ಎಂದೆ.

ನಿಮಗೆ ಸಿಟ್ಟು ಬಂತು. "ನನ್ನ ಸಲವಾಗಿ ನೀ ತ್ಯಾಗ ಮಾಡಬ್ಯಾಡ. ಖರೇ ಹೇಳ, ನಿನಗ ಯಾವದು ಸೇರಿತು?"

"ಖರೇನ ಹೇಳತೀನ್ರಿ. ಹಸರಂದು ನನ್ನ ಹೊತ್ಕೊಂಡ ಹೋತು. ಬಿಳೇದು ನಿಮ್ಮನ್ನ ಕೇಳಿ ಕೇಳಿ ಹೋತು. ನನಗೂ ಕೇಳೋ ಗಾಡಿನ ಬೇಕ್ರಿ."

ನೀವು ಬಸಿ ಕೆಳಗಿಟ್ಟು ನನ್ನನ್ನು ನೋಡಿದ ನೋಟ! ನನ್ನನ್ನು ಮನೆಗೆ ತಂದು ಎಷ್ಟೋ ವರ್ಷಗಳಾದ ಮೇಲೆ ಮೊದಲ ಸಲ ನೋಡಿದಂತೆ ನೋಡಿದಿರಿ. ಸಂಜೆ ಬಿಳಿ ಕಾರು ಚಿಕ್ಕೋಡಿ ದಾಟಿ ನಮ್ಮೂರಿನ ಕಡೆ ಹೊರಟಿತ್ತು.

ಆ ಸಂಜೆಯೇ ನೀವು ದಾರಿಯೊಂದನ್ನು ಕಂಡುಹಿಡಿದಿರಿ. ಎಡಗಡೆ ಕೂತ ನನ್ನ ಬಲಗೈ ಹಿಡಿದು ಗೇರಿನ ಮೇಲಿಟ್ಟಿರಿ. ಕ್ಲಚ್ಚು ನಿಮ್ಮದು, ಗೇರು ನನ್ನದು. ಮೊದಮೊದಲು ಕರಕರ ಎಂದು ಹಲ್ಲು ಕಡಿಯುತ್ತಿತ್ತು ಪಾಪದ ಕಾರು. "ಕಣ್ಣಿಲೆ ನೋಡಬ್ಯಾಡ, ಕಿವಿಲೆ ನೋಡ," ಎನ್ನುತ್ತಿದ್ದಿರಿ. ಅಥಣಿಗೆ, ರಾಯಬಾಗಕ್ಕೆ, ಸಂತೆಗೆ, ಮದುವೆಗೆ ಹೋಗುವಾಗೆಲ್ಲ ಹೀಗೇ. ಕೊನೆಕೊನೆಗೆ ನೀವು ಹೇಳುವುದನ್ನೂ ಬಿಟ್ಟಿರಿ. ನಿಮ್ಮ ಕಾಲು ಯಾವಾಗ ಒತ್ತುತ್ತದೆಂದು ನನ್ನ ಕೈಗೆ ಹೇಗೆ ತಿಳಿಯುತ್ತಿತ್ತು? ಇಂದಿಗೂ ನನಗೆ ಗೊತ್ತಿಲ್ಲ.

ದ್ರಾಕ್ಷಿ ಕಟಾವಿನ ದಿನಗಳಲ್ಲಿ, ತೋಟದಲ್ಲಿಯೇ ನಿಮ್ಮ ಎದೆ ನಿಂತಿತು. ಒಂದು ಮಾತಿಗೂ ಅವಕಾಶ ಕೊಡಲಿಲ್ಲ ನೀವು… ಕಾರಿಗೆ ತಾಡಪತ್ರಿ ಹೊದಿಸಿದೆವು. ವರ್ಷ ತುಂಬಿದ ಮೇಲೆ ನಿಮ್ಮ ಮಗ ಮೆಲ್ಲಗೆ ಹೇಳಿದರು: "ಅಣ್ಣಾಸಾಹೇಬ ಕಾಕಾ ಹಸರ ಗಾಡಿ ಕೊಡತೀನಂತಾರ. ಇದನ್ನ ಕೊಟ್ಟ ಅದನ್ನ ತರೋಣು. ನೀನ ಒಬ್ಬಾಕೀನ ಹೊಡಕೊಂಡ ಅಡ್ಡ್ಯಾಡಬಹುದು." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನನಗೂ ಆಸೆಯಾಗದಿರಲಿಲ್ಲ. ಕಬ್ಬಿನ ನಡುವಿನ ಆ ಓಟವನ್ನು ಮರೆಯುವುದುಂಟೇ? ಎರಡು ದಿನ ಯೋಚಿಸಿದೆ. ಆಮೇಲೆ ತಾಡಪತ್ರಿ ತೆಗೆಸಿ, ಕಾರನ್ನು ಮಿರಜಿನ ಗ್ಯಾರೇಜಿಗೆ ಒಯ್ಯಿರಿ ಎಂದೆ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ಸ್ಕೂಟರಿನಲ್ಲಿ ಕ್ಲಚ್ಚು ಎಡಗೈಯಲ್ಲೇ ಇರುತ್ತದಲ್ಲ? ಹಾಗೆಯೇ ಬಿಳಿ ಕಾರಿನ ಗೇರಿಗೂ ಒಂದು ಹಿಡಿಕೆ ಕೂಡಿಸಿ, ಅಲ್ಲಿಂದ ಕ್ಲಚ್ಚಿಗೆ ತಂತಿ ಎಳೆದು ಕೊಟ್ಟಿದ್ದಾರೆ. ಎಡಗೈಯಲ್ಲಿ ಹಿಡಿಕೆ ಅಮುಕುವುದು, ಅದೇ ಕೈಯಿಂದ ಗೇರು ಬದಲಿಸುವುದು. ಮೊದಲ ವಾರ ತೋಟದ ದಾರಿಯಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸಿದೆ. ಈಗ ನಡೆಸುತ್ತೇನೆ, ಒಬ್ಬಳೇ. ಲೈಸನ್ಸೂ ಆಗಿದೆ.

ಇನ್ನೊಂದು ಸುದ್ದಿ ಇದಕ್ಕಿಂತ ದೊಡ್ಡದು. ನೀವು ಇರುವವರೆಗೆ ಅತ್ತೆಯವರು ಆ ಕಾರಿನೊಳಗೆ ಕಾಲಿಡಲಿಲ್ಲ ಅಲ್ಲವೇ? ನಿಮ್ಮ ಓಟಕ್ಕೆ ಹೆದರುತ್ತಿದ್ದರು. ಮೊನ್ನೆ ಕುಡಚಿ ಸ್ಟೇಶನ್ನಿಗೆ ಅವರ ತಂಗಿ ಬರುವವರಿದ್ದರು. ತಾವಾಗಿಯೇ ಸೆರಗು ಸರಿಮಾಡಿಕೊಂಡು ಬಂದು ನನ್ನ ಪಕ್ಕ ಕೂತರು. ಕೃಷ್ಣಾ ಸೇತುವೆಯವರೆಗೂ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳುತ್ತಿದ್ದರು. ಸೇತುವೆ ದಾಟಿದೊಡನೆ ಕಣ್ಣು ತೆರೆಯದೆಯೇ, "ಪದ್ಮಾ, ಗೇರ ಏರಸ. ಗಾಡಿ ಒದರಾಕತ್ತೈತಿ, ಕೇಳಸವಲ್ದೇನ?" ಎಂದರು.

ಖರೆಯಾಗಿಯೂ ಅದು ಒದರುತ್ತಿತ್ತು, ಮಾವನವರೇ. ನನ್ನ ಕಿವಿಗೆ ಬೀಳುವ ಮೊದಲೇ ಅವರಿಗೆ ಕೇಳಿಸಿತ್ತು. ಹೇಗೆ ಗೊತ್ತಾಯಿತೆಂದು ಅತ್ತೆಯವರನ್ನು ಕೇಳಿದರೆ, ದಿನಾ ನಿಮ್ಮ ಕಾರು ಮನೆ ಮುಟ್ಟುವವರೆಗೆ ಕಟ್ಟೆಯ ಮೇಲೆ ಕೂತು ಕಿವಿಗೊಡುತ್ತಿದ್ದರಂತೆ. ಕಾಗವಾಡ ರಸ್ತೆಯ ತಿರುವಿನಲ್ಲಿ ನೀವು ಯಾವ ಗೇರು ಹಾಕಿದಿರಿ ಎಂಬುದೂ ಅವರಿಗೆ ಗೊತ್ತಂತೆ.

ಬರುವ ಸೋಮವಾರದಿಂದ ಅವರಿಗೂ ಗಾಡಿ ನಡೆಸಲು ಕಲಿಸಬೇಕಂತೆ. ಕಲಿಸುತ್ತೇನೆ.

ನಿಮ್ಮ ಸೊಸೆ,
ಪದ್ಮಾ