ರಜೆಗೆ ಹೋದ ಫುಲ್‌ಮಾಯಾ

ಅಲ್ ಕುಸೈಸ್, ದುಬೈ
೧ ನವೆಂಬರ್ ೨೦೧೭, ಬುಧವಾರ

ಪ್ರೀತಿಯ ಚಂದ್ರಮತಿ ಅಕ್ಕ,

ರಜೆಗೆ ಹೋದರೆ ವಾಪಸ್ ಬರಲಾಗದೆಂದು ನಿಮ್ಮ ಮನೆಗೆಲಸದ ಫುಲ್‌ಮಾಯಾಳಿಗೆ ನೀವು ಹೇಳಿದ್ದು ನಿಜ. ಅದು ಯಜಮಾನಿಯ ಸುಳ್ಳು ಎಂದು ನಂಬಿಸಿ ಅವಳನ್ನು ನೇಪಾಳಕ್ಕೆ ಕಳಿಸಿದವಳು ನಾನು. ಈಗ ಅವಳು ಅಲ್ಲೇ ಸಿಕ್ಕಿಬಿದ್ದಿದ್ದಾಳೆ. ಇಲ್ಲಿ ಮಗುವನ್ನು ಯಾರ ಕೈಗೆ ಕೊಟ್ಟು ಡ್ಯೂಟಿಗೆ ಹೋಗುವುದೆಂದು ನೀವು ದಿನಾ ಒದ್ದಾಡುತ್ತಿದ್ದೀರಿ.

ನೀವು ನನ್ನ ಫೋನ್ ಎತ್ತುತ್ತಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬ್ಲಾಕ್ ಮಾಡಿದ್ದೀರಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಅದಕ್ಕೇ ಈ ಕಾಗದವನ್ನು ನಿಮ್ಮ ಗಂಡನ ಕೈಗೇ, ಧರ್ಮಪಾಲಣ್ಣನ ಕೈಗೆ, ಕೊಡುತ್ತಿದ್ದೇನೆ. ನಾಳೆ ಇಲ್ಲಿನ ಗೋಡೌನಿನ ಕೆಲಸ ಮುಗಿಸಿ ಅವರು ಅಬುಧಾಬಿಯ ಮನೆಗೆ ಬರುವಾಗ ತರುತ್ತಾರೆ. ಏಜೆನ್ಸಿಯವರು ಬೇರೊಬ್ಬ ಹೆಂಗಸನ್ನು ಗೊತ್ತು ಮಾಡಿದ್ದಾರೆಂದೂ ಬರುವ ವಾರ ನೀವು ಫುಲ್‌ಮಾಯಾಳ ವೀಸಾ ಕ್ಯಾನ್ಸಲ್ ಮಾಡಿಸುತ್ತೀರೆಂದೂ ಅವರೇ ಹೇಳಿದರು. ಒಬ್ಬಳ ವೀಸಾ ಹೋಗದೆ ಇನ್ನೊಬ್ಬಳನ್ನು ಕರೆಸಲು ನಿಮ್ಮಿಂದಾಗದು, ನನಗೆ ಗೊತ್ತು. ಆದರೂ ಬೇಡುತ್ತಿದ್ದೇನೆ: ಈಗಲೇ ಕ್ಯಾನ್ಸಲ್ ಮಾಡಿಸಬೇಡಿ.

ಆಗಸ್ಟ್ ತಿಂಗಳ ಆ ಶುಕ್ರವಾರ ನಾನು ನಿಮ್ಮ ಮನೆಗೆ ಊಟಕ್ಕೆ ಬಂದಿದ್ದೆ. ನಿಮ್ಮ ಬಂಗುಡೆ ಸಾರು ತಿನ್ನುತ್ತಲೇ ನಿಮ್ಮ ಮುಖಕ್ಕೆ ಕೈ ತೋರಿಸಿ, ರಜೆ ಅವಳ ಹಕ್ಕು, ನೀವು ಯಾಕೆ ತಡೆಯುತ್ತೀರಿ ಎಂದು ಕೇಳಿದೆ. ನೀವು ಸೌಟು ಹಿಡಿದುಕೊಂಡೇ ತಿರುಗಿದಿರಿ. "ಹೋಗ್ಬೇಡ ಅಂತ ಯಾರು ಹೇಳಿದ್ದು ಮಾರಾಯ್ತಿ? ಹೋಗ್ಲಿಕ್ಕೆ ನಾನೇ ಟಿಕೆಟ್ ಮಾಡಿ ಕೊಡ್ತೇನೆ. ವಾಪಸ್ ಬರ್ಲಿಕ್ಕೆ ಅವಳ ಸರಕಾರ ಬಿಡುದಿಲ್ಲ, ಗೊತ್ತುಂಟಾ ನಿನಗೆ? ಕೆಳಗಿನ ಮನೆ ಖತೀಜಮ್ಮನ ಕೆಲಸದ ಹುಡುಗಿ ಹೋದವಳು ಇನ್ನೂ ಬರ್ಲಿಲ್ಲ." ಎಲ್ಲ ಯಜಮಾನರೂ ಹೀಗೆಯೇ ಹೆದರಿಸುತ್ತಾರೆ ಎಂದೆ. ಧರ್ಮಪಾಲಣ್ಣ ನಗುತ್ತ, "ಇವಳು ಪುಸ್ತಕ ತಿಂದು ಬದುಕುವ ಜನ, ಇವಳಿಗೆ ಮೀನು ಯಾಕೆ ಬಡಿಸುದು ನೀನು?" ಎಂದರು. ನೀವು ಇನ್ನೊಂದು ಬಂಗುಡೆ ಹಾಕಿದಿರಿ. "ಮೊದ್ಲು ಮುಳ್ಳು ನೋಡಿ ತಿನ್ನು. ಭಾಷಣ ಆಮೇಲೆ."

ಅಡುಗೆಮನೆಯ ಬಾಗಿಲಲ್ಲಿ ಫುಲ್‌ಮಾಯಾ ನಿಂತಿದ್ದಳು. ನಾವು ಮಾತಾಡುತ್ತಿದ್ದದ್ದು ಅವಳ ಬಗ್ಗೆ. ಅವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ, ನಾನಂತೂ ಕೇಳಲೇ ಇಲ್ಲ.

ನನ್ನ ತಲೆಯಲ್ಲಿದ್ದದ್ದು ಊರಿಂದ ತಂದ ಕಿರುಹೊತ್ತಿಗೆಗಳು. ಅಮ್ಮ ಉಪ್ಪಿನಕಾಯಿ ಬಾಟಲಿ ಒಡೆಯದಂತೆ ಸುತ್ತಲು ಹಳೆ ಪೇಪರ್ ಹುಡುಕುತ್ತಿದ್ದಾಗ ನಾನು ಅವನ್ನು ಕೊಟ್ಟು ಸೂಟ್‌ಕೇಸಿಗೆ ತುಂಬಿಸಿದ್ದೆ. ದುಡಿಯುವವರ ಹಕ್ಕು, ದುಡಿಸುವವರ ಮೋಸ, ಎಲ್ಲ ಅವುಗಳಲ್ಲಿ ಕಪ್ಪು ಬಿಳುಪಾಗಿ ಇತ್ತು. ಮನೆಗೆಲಸಕ್ಕೆ ಹೆಣ್ಣುಮಕ್ಕಳನ್ನು ಗಲ್ಫಿಗೆ ಕಳಿಸುವುದನ್ನು ನೇಪಾಳ ನಿಲ್ಲಿಸಿದೆ ಎಂಬ ಸುದ್ದಿ ಬಂದಾಗ ನಮ್ಮ ಶುಕ್ರವಾರದ ಓದುಕೂಟದಲ್ಲಿ ಎದ್ದು ನಿಂತು ಮಾತಾಡಿದೆ. ಒಂದು ಪುಟ್ಟ ದೇಶ ಕೊನೆಗೂ ಸಾಕು ಎಂದು ಹೇಳಿತು ಎಂದೆ. ನಾವು ಐದಾರು ಜನರೇ ಇದ್ದದ್ದು, ಆದರೂ ಚಪ್ಪಾಳೆ ಬಿತ್ತು. ಅದೇ ಉಬ್ಬಿನಲ್ಲಿ ಅಬುಧಾಬಿಯ ಒಬ್ಬ ಮಂಗಳೂರು ನರ್ಸ್ ತನ್ನ ಕೆಲಸದಾಕೆಯನ್ನು ರಜೆಗೂ ಬಿಡುವುದಿಲ್ಲ, ಪಾಸ್‌ಪೋರ್ಟನ್ನು ಬೀಗ ಹಾಕಿ ಇಟ್ಟಿದ್ದಾಳೆ ಎಂದೂ ಸೇರಿಸಿದೆ. ನಿಮ್ಮ ಹೆಸರು ಹೇಳಲಿಲ್ಲ. ಎದುರಿಗೆ ಕೂತಿದ್ದ ಅಬ್ಬಾಸ್ ಮಾತ್ರ, "ನೀನು ಮೀನು ಊಟಕ್ಕೆ ಹೋಗುವ ಮನೆಯಾ?" ಎಂದು ಕೇಳಿಯೇಬಿಟ್ಟ. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಾಸ್‌ಪೋರ್ಟ್ ಫುಲ್‌ಮಾಯಾಳ ಚೀಲದಲ್ಲೇ ಇತ್ತೆಂದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೂ ಆ ಕೂಟದಲ್ಲಿ ತಿದ್ದಿ ಹೇಳಲಿಲ್ಲ.

ದುಬೈಗೆ ಬಂದ ಮೊದಲ ತಿಂಗಳು ನಿಮ್ಮ ಹಳೆಯ ಕುಸೈಸ್ ಮನೆಯ ಸೋಫಾದಲ್ಲಿ ಮಲಗಿದವಳು ನಾನು, ಅಕ್ಕ. ಬಾಡಿಗೆ ಕೊಡುತ್ತೇನೆಂದಾಗ "ಖಲಾಸ್, ಇನ್ನೊಮ್ಮೆ ಆ ಮಾತು ಬೇಡ" ಎಂದಿದ್ದಿರಿ.

ಆ ಊಟದ ಬಳಿಕ ಫುಲ್‌ಮಾಯಾಳ ನಂಬರ್ ತೆಗೆದುಕೊಂಡು ವಾರವಾರ ಮಾತಾಡಿದೆ. ನಮ್ಮ ದಸರೆಯ ಹೊತ್ತಿಗೇ ಅವರಿಗೆ ದಸೈಂ ಹಬ್ಬ. ಮನೆಯ ಹಿರಿಯರು ಮಕ್ಕಳ ಹಣೆಗೆ ಅಕ್ಕಿ ಮೊಸರಿನ ಟೀಕಾ ಇಟ್ಟು ಹರಸುತ್ತಾರೆ. ಅವಳು ಇಲ್ಲಿಗೆ ಬಂದ ಮೇಲೆ ಮಗಳ ಹಣೆಗೆ ಅವಳ ಕೈಯ ಟೀಕಾ ಬಿದ್ದಿಲ್ಲವಂತೆ. ಅದನ್ನೇ ಹಿಡಿದು ನಾನು ಒತ್ತಾಯಿಸಿದೆ. ನಿಷೇಧ ಹೊಸದಾಗಿ ಬರುವವರಿಗೆ ಮಾತ್ರ, ರಜೆಗೆ ಹೋಗುವವರಿಗೆ ಅಲ್ಲ ಎಂದುಕೊಂಡಿದ್ದೆ. ಕೊನೆಗೆ ಅವಳೇ ಗಟ್ಟಿ ಮನಸ್ಸು ಮಾಡಿ, ನಿಮ್ಮ ಮಾತು ಮೀರಿ ಹೊರಟಳು.

ಹಬ್ಬ ಮುಗಿದು ವಾಪಸ್ ಹೊರಟಾಗ ಅಲ್ಲಿನ ಸರಕಾರಿ ಕಚೇರಿಯಲ್ಲಿ ಹೊರದೇಶದ ಕೆಲಸಕ್ಕೆ ಅನುಮತಿ ಸಿಗಲಿಲ್ಲ. ಮನೆಗೆಲಸಕ್ಕಾದರೆ ಹಳಬರಿಗೂ ಇಲ್ಲ ಎಂದರಂತೆ. ಅನುಮತಿ ಇಲ್ಲದೆ ವಿಮಾನ ಹತ್ತಿಸುವುದಿಲ್ಲ. ಟಿಕೆಟ್ ವ್ಯರ್ಥವಾಯಿತು.

ಈಗ ಆ ದೇಶವನ್ನು ಬಯ್ಯೋಣವೆಂದರೂ ನನಗೆ ಬಾಯಿ ಬರುವುದಿಲ್ಲ. ಊರಲ್ಲಿ ಕೆಲಸ ಕೊಡಲು ಅದಕ್ಕೆ ಶಕ್ತಿಯಿಲ್ಲ. ಹೊರಗೆ ಹೋದವರು ಕಳಿಸುವ ಹಣದಲ್ಲೇ ಹಳ್ಳಿಗಳ ಒಲೆ ಉರಿಯುವುದು. ಇಲ್ಲಿ ಹೊಡೆತ ತಿಂದವಳಿಗೆ ಒಂದು ಆಶ್ರಯ ಬೇಕು, ಒಬ್ಬ ವಕೀಲ ಬೇಕು, ಶ್ರೀಮಂತ ದೇಶಗಳ ಎದುರು ಕೂತು ಒಪ್ಪಂದ ಮಾಡಿಕೊಳ್ಳುವ ಬಲ ಬೇಕು. ಇದಕ್ಕೆಲ್ಲ ದುಡ್ಡಾಗುತ್ತದೆ, ವರ್ಷಗಳಾಗುತ್ತವೆ. ಬಾಗಿಲು ಹಾಕಲು ಒಂದು ಆದೇಶ ಸಾಕು. ಆದರೆ ಹಾಗೆ ಬಾಗಿಲು ಹಾಕಿದವರು ಪೆಟ್ಟಿಗೆಯಲ್ಲಿ ಮರಳಿದ ಹೆಣ್ಣುಮಕ್ಕಳನ್ನು ಕಣ್ಣಾರೆ ಕಂಡಿದ್ದರು. ನಾನು ಏನನ್ನೂ ಕಾಣದೆ ಚಪ್ಪಾಳೆ ಗಿಟ್ಟಿಸಿದೆ. ಬಾಗಿಲು ಹಾಕಿದರೆ ಹಸಿವು ಒಳಗೇ ಉಳಿಯುತ್ತದೆ, ಆಮೇಲೆ ಅದು ಕಿಟಕಿ ಹುಡುಕುತ್ತದೆ ಎಂಬುದು ನನ್ನ ಯಾವ ಹೊತ್ತಿಗೆಯಲ್ಲೂ ಇರಲಿಲ್ಲ.

ಆ ಕಿಟಕಿ ಫುಲ್‌ಮಾಯಾಳ ಊರಿಗೂ ಬಂದಿದೆ. ಮೊನ್ನೆ ಅವಳು ಫೋನ್ ಮಾಡಿದಳು. ನಿಮ್ಮ ಮನೆಯಲ್ಲಿ ಕಲಿತ ತುಳುವಿನಲ್ಲಿ, "ವನಸ್ ಆಂಡಾ, ಬಹಿನಿ?" ಎಂದು ಕೇಳಿದಳು. ಬಹಿನಿ ಎಂದರೆ ಅವಳ ಭಾಷೆಯಲ್ಲಿ ತಂಗಿ. ಊಟ ಆಯಿತೇ ಎಂದು ಕೇಳಿದ ಮೇಲೆಯೇ ವಿಷಯ ಹೇಳಿದ್ದು. ಯಾವನೋ ಒಬ್ಬ ಬಂದಿದ್ದಾನಂತೆ. ಬಸ್ಸಿನಲ್ಲಿ ದಿಲ್ಲಿ, ಅಲ್ಲಿಂದ ಮುಂಬೈ, ಅಲ್ಲಿ ಒಂದು ಕೋಣೆಯಲ್ಲಿ ಕೆಲವು ದಿನ, ಆಮೇಲೆ ಯಾವ ದೇಶದ ವೀಸಾ ಸಿಕ್ಕರೆ ಆ ದೇಶ. "ನಿಮ್ಮ ದೇಶಕ್ಕೆ ಬರಲು ನಮಗೆ ಪಾಸ್‌ಪೋರ್ಟೂ ಬೇಡವಲ್ಲ" ಎಂದು ನಕ್ಕಳು. ಭೂಕಂಪದಲ್ಲಿ ಬಿದ್ದ ಮನೆಗೆ ಗೋಡೆ ಎದ್ದಿದೆ, ಮಾಡು ಆಗಿಲ್ಲ. ತಗಡಿನ ಕೆಳಗೆ ಮಲಗುತ್ತಿದ್ದಾರೆ. ಹೋಗಬೇಡ ಎಂದೆ. "ಮತ್ತೆ ಎಂತ ಮಾಡುದು?" ಎಂದು ಥೇಟ್ ನಿಮ್ಮ ಹಾಗೆಯೇ ಕೇಳಿದಳು. ಕೆಲವು ದಿನವಾದರೂ ಕಾಯಿ ಎಂದು ಬೇಡಿಕೊಂಡೆ. ಬರುವ ಸೋಮವಾರದವರೆಗೆ ಕಾಯುತ್ತೇನೆಂದು ಮಾತು ಕೊಟ್ಟಿದ್ದಾಳೆ. ಅಲ್ಲಿಯವರೆಗೆ ನೀವು ಮಾಡಿಸಿದ ವೀಸಾ ಇದ್ದರೆ ಅವಳಿಗೆ ಮರಳಲು ಒಂದು ಮನೆ ಇದೆ ಎಂದಾಗುತ್ತದೆ. ಅದೂ ಹೋದರೆ ಉಳಿಯುವುದು ಆ ಬಸ್ಸು ಮಾತ್ರ.

ನೇಪಾಳದ ರಾಯಭಾರ ಕಚೇರಿ ನಿಮ್ಮ ಅಬುಧಾಬಿಯಲ್ಲೇ ಇದೆ. ಇವಳು ನಮ್ಮ ಮನೆಯವಳು, ಇದೇ ಮನೆಗೆ ಮರಳುತ್ತಾಳೆ, ಇವಳ ಜವಾಬ್ದಾರಿ ನನ್ನದು ಎಂದು ಯಜಮಾನಿಯೇ ಎದುರು ನಿಂತು ಹೇಳಿದರೆ ಕೇಳುತ್ತಾರೇನೋ. ಕೇಳದೆಯೂ ಇರಬಹುದು. ಈ ಸಲ ನಾನು ಯಾವ ಭರವಸೆಯನ್ನೂ ಕೊಡುವುದಿಲ್ಲ.

ನನಗೆ ವರ್ಷದ ರಜೆ ಇನ್ನೂ ಉಳಿದಿದೆ. ಅವಳು ಬರುವವರೆಗೆ ನಾನು ನಿಮ್ಮಲ್ಲಿಗೆ ಬಂದು ಭವ್ಯಶ್ರೀಯನ್ನು ನೋಡಿಕೊಳ್ಳುತ್ತೇನೆ. ನನ್ನ ಅಡುಗೆ ನಿಮಗೆ ಗೊತ್ತಿದೆ. ಮಗುವಿಗೆ ಮೊಟ್ಟೆ ಬೇಯಿಸಿ ಕೊಡುವಷ್ಟು ಬರುತ್ತದೆ. ಕಳೆದ ವಾರ ಧರ್ಮಪಾಲಣ್ಣನ ಫೋನಿನಲ್ಲಿ ಭವ್ಯಶ್ರೀ ನನ್ನನ್ನು ಕೇಳಿದಳು, "ವೆನ್ ಈಸ್ ಶೀ ಕಮಿಂಗ್, ಸ್ಟೇಸಿ ಆಂಟಿ? ಶೀ ಪ್ರಾಮಿಸ್ಡ್ ಮೀ." ಫೋನ್ ಧರ್ಮಪಾಲಣ್ಣನ ಕೈಗೆ ಕೊಟ್ಟೆ.

ಕ್ಷಮೆ ಕೇಳುತ್ತಿಲ್ಲ. ಮೊದಲು ಅವಳು ಬರಲಿ.

ನಿಮ್ಮ ಮೇಜಿನಲ್ಲಿ ಉಂಡು ನಿಮ್ಮನ್ನೇ ದೂರಿದ,
ಸ್ಟೇಸಿ

ಮರೆತದ್ದಲ್ಲ, ಬರೆಯಲು ಹೆದರಿ ಬಿಟ್ಟದ್ದು: ಫುಲ್‌ಮಾಯಾ ಗಟ್ಟಿ ಮನಸ್ಸು ಮಾಡಿ ಹೊರಟಳೆಂದು ಮೇಲೆ ಬರೆದದ್ದು ಸುಳ್ಳು. ಹೊರಟ ದಿನ ಇಲ್ಲಿನ ವಿಮಾನ ನಿಲ್ದಾಣದ ಸಾಲಿನಿಂದ ಅವಳು ನನಗೆ ಫೋನ್ ಮಾಡಿದ್ದಳು. ಇಲ್ಲಿರುವ ಹೆಂಗಸರೂ ಅಕ್ಕ ಹೇಳಿದ್ದನ್ನೇ ಹೇಳುತ್ತಿದ್ದಾರೆ, ನಾನು ಅಕ್ಕನ ಮನೆಗೆ ತಿರುಗಿ ಹೋಗಿಬಿಡಲಾ ಎಂದು ಅಳುತ್ತ ಕೇಳಿದಳು. ರಾಯಭಾರ ಕಚೇರಿಯಲ್ಲಿ ವಿಚಾರಿಸಿದ್ದೇನೆ, ರಜೆಯವರಿಗೆ ತೊಂದರೆಯಿಲ್ಲವಂತೆ ಎಂದೆ. ನಾನು ಯಾರನ್ನೂ ವಿಚಾರಿಸಿರಲಿಲ್ಲ. ಅವಳು ಹೊರಟಳೆಂದು ಓದುಕೂಟದಲ್ಲಿ ಆಗಲೇ ಹೇಳಿಕೊಂಡಿದ್ದೆ. ನಿಮ್ಮ ಮಾತು ಮೀರಿದಳೆಂದು ಅವಳ ಮೇಲೆ ಸಿಟ್ಟು ಬೇಡ, ಅಕ್ಕ. ನಾನು ಸುಳ್ಳು ಹೇಳದಿದ್ದರೆ ಅವಳು ಮರಳಿ ನಿಮ್ಮಲ್ಲಿಗೇ ಬರುತ್ತಿದ್ದಳು. ಈ ಸುಳ್ಳನ್ನು ಅವಳಿಗೆ ಇವತ್ತು ಹೇಳಿದೆ. ಅವಳು ಫೋನ್ ಇಟ್ಟಳು. ಭಾನುವಾರ ನಿಮಗೆ ಡ್ಯೂಟಿ ಇಲ್ಲವೆಂದು ಧರ್ಮಪಾಲಣ್ಣ ಹೇಳಿದ್ದಾರೆ. ಇದನ್ನು ಓದಿದ ಮೇಲೂ ಬರುವಿರಾದರೆ, ಐದನೇ ತಾರೀಕು ಬೆಳಿಗ್ಗೆ ಒಂಬತ್ತು ಗಂಟೆಗೆ ರಾಯಭಾರ ಕಚೇರಿಯ ಗೇಟಿನ ಹೊರಗೆ ನಿಂತಿರುತ್ತೇನೆ.